ಪೆಟ್ರೋಲಿದ್ದರೂ ಇಳಿದ ಭಾವ

ನಮ್ಮ ಭಾವನಿಗೆ ದೇವರ ಮೇಲೆ ನಂಬಿಕೆಯಿದೆ, ಜಾತಕದ ಮೇಲೂ ಅಷ್ಟೋ ಇಷ್ಟೋ ಇದೆ. ಪೆಟ್ರೋಲ್ ತೋರಿಸುವ ಮುಳ್ಳಿನ ಮೇಲೆ ಮಾತ್ರ ಎಳ್ಳಷ್ಟೂ ಇಲ್ಲ!

ಹುಣಸೂರಿನ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದ ಈ ಮನುಷ್ಯ, ನಲವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತು, ಲೈಸೆನ್ಸ್ ಪಡೆದು, ಗೆಳೆಯರೊಬ್ಬರ ಜೊತೆ ಸೇರಿ ಎರಡು ಸೀಟಿನ ಪುಟ್ಟ ವಿಮಾನ ತಂದರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಟ್ರ್ಯಾಕ್ಟರ್ ಕೊಂಡರೇ ಊರಿಗೆಲ್ಲ ಸಿಹಿ ಹಂಚುತ್ತಿದ್ದರು. ಇವರು ವಿಮಾನ!

ಹಾರುವ ಮುನ್ನ ಗುರುತು ಕೊರೆದ ಕಡ್ಡಿಯನ್ನು ಟ್ಯಾಂಕಿಗೆ ಇಳಿಸಿ ನೋಡಲೇಬೇಕು. ಈ ಚಟ ಮನೆಗೂ ಹಬ್ಬಿತು. ಹಂಪಾಪುರದಿಂದ ಬಂದ ಬೀಗರ ಸ್ಕೂಟರಿಗೂ ಕಡ್ಡಿ ಇಳಿಸಿದ್ದರು. ಬೀಗರು ಕಂಡವರೇ ಅಕ್ಕನನ್ನು ಪಕ್ಕಕ್ಕೆ ಕರೆದು, “ಏನಮ್ಮ, ಯಜಮಾನ್ರಿಗೆ ಪೆಟ್ರೋಲ್ ಬೇಕಿದ್ರೆ ಕೇಳ್ಬಾರ್ದಾ? ಕದಿಯೋದ್ಯಾಕೆ?” ಎಂದುಬಿಟ್ಟರು!

ಭಾವನಿಗಿದ್ದದ್ದು ಒಂದೇ ಆಸೆ: ಅಕ್ಕನನ್ನು ಕೂರಿಸಿಕೊಂಡು ಅವಳ ತವರು ಕೆ.ಆರ್. ನಗರವನ್ನು ಮೇಲಿನಿಂದ ತೋರಿಸಬೇಕು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. “ಗಾಳಿಪಟಕ್ಕೆ ಇಂಜಿನ್ ಕಟ್ಕಂಡಿದ್ದೀರಿ. ನಾನು ಬರಾಕಿಲ್ಲ ಬುಡಿ. ಮಕ್ಳನ್ನ ಸಾಕೋರ‍್ಯಾರು?” ವರ್ಷಗಟ್ಟಲೆ ಇದೇ ಉತ್ತರ.

ಒಂದು ಬೇಸಿಗೆಯಲ್ಲಿ ಅಕ್ಕನ ಬದಲು ನಾನು ಹತ್ತಿದೆ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಅಮ್ಮ ಹೇಳಿಕೊಟ್ಟ ಶ್ಲೋಕವನ್ನೂ ಬೆರೆಸಿ ಜಪಿಸುತ್ತಾ ಕೂತಿದ್ದೆ. ಕಾವೇರಿ ಕಂಡಿತು, ನಮ್ಮ ಮನೆಯ ಹೆಂಚೂ ಕಂಡಿತು. ಮರಳುವಾಗ ಎದುರುಗಾಳಿ. ಭಾವ ಗಡಿಯಾರ ನೋಡಿದರು, ಗಾಳಿ ನೋಡಿದರು, ಮನೆತನಕ ಪೆಟ್ರೋಲ್ ಸಾಲುತ್ತೋ ಇಲ್ಲವೋ ಎಂಬ ಅನುಮಾನಕ್ಕೇ ಮಿರ್ಲೆ ಹತ್ತಿರದ ಒಣ ಕೆರೆಯಂಗಳದಲ್ಲಿ ಇಳಿಸಿಯೇಬಿಟ್ಟರು.

ಕ್ಷಣದಲ್ಲಿ ಊರಿಗೆ ಊರೇ ಸೇರಿತು.

“ಪೆಟ್ರೋಲು ಮುಗ್ದೋಯ್ತಾ ಸಾ?”

“ಇಲ್ಲಪ್ಪ. ಇನ್ನೂ ಅರ್ಧ ಗಂಟೆಗಾಗೋಷ್ಟಿದೆ.”

“ಮತ್ಯಾಕ್ ಇಳ್ಸುದ್ರಿ?”

“ಇರೋದಕ್ಕೇ ಇಳಿಸ್ದೆ. ಮುಗಿದ ಮೇಲೆ ನಾನು ಇಳಿಸ್ಬೇಕಾಗಿಲ್ಲ, ಅದೇ ಇಳಿಯುತ್ತೆ!”

ಒಬ್ಬ ಪಾಪ ಕನಿಕರಪಟ್ಟ. “ಪಂಪ್‌ಸೆಟ್ಟಿಗೆ ಮಡಗಿರೋ ಸೀಮೆಎಣ್ಣೆ ಐತೆ, ಉಯ್ಕಂಡು ಓಗಿ ಸಾ.”

“ಸುಮ್ಕಿರ‍್ಲಾ, ಅದೇನ್ ನಿಮ್ಮಪ್ಪನ ಪಂಪ್‌ಸೆಟ್ಟಾ?” ಎಂದ ಇನ್ನೊಬ್ಬ. ಕೆರೆಯಂಗಳವೆಲ್ಲ ನಗೆ!

ಭಾವ ಯಾರದೋ ಮೊಪೆಡ್ಡಿನ ಹಿಂದೆ ಕೂತು ಪೇಟೆಗೆ ಹೋಗಿ, ಪೆಟ್ರೋಲ್ ತಂದು, ಸೋಸಿ ಹಾಕಿಕೊಂಡು ಹಾರಿದರು. ನಾನು ಬಸ್ಸಿನಲ್ಲೇ ಬಂದೆ. ಬಸ್ಸಿಗೆ ಶ್ಲೋಕ ಬೇಕಿಲ್ಲವಲ್ಲ!

ಸುದ್ದಿ ನಮಗಿಂತ ಮುಂಚೆ ಹುಣಸೂರು ತಲುಪಿತ್ತು. “ಪೆಟ್ರೋಲ್ ಇಟ್ಕಂಡೇ ಕೆರೆಗೆ ಬಿದ್ದ ಪೈಲಟ್ಟು” ಎಂದು ಕಾಫಿ ಹೋಟೆಲಿನಲ್ಲಿ ತಮಾಷೆ. ಅಕ್ಕನೊಬ್ಬಳೇ ನಗಲಿಲ್ಲ. ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದಳು, “ಅಷ್ಟು ಜನ ನಗ್ತಿದ್ರೆ ಅವ್ರಿಗೆ ನಾಚ್ಕೆ ಆಗ್ನಿಲ್ವೇನೇ?”

“ಆಯ್ತು ಕಣಕ್ಕ. ಕಿವಿ ಕೆಂಪಗಾಗಿತ್ತು. ಆದ್ರೂ ಇನ್ನೊಂಚೂರು ದೂರ ಹೋಗಿ ನೋಡೋಣ ಅನ್ಲೇ ಇಲ್ಲ.”

ಅಕ್ಕ ಸಾರಿಗೆ ಒಗ್ಗರಣೆ ಹಾಕಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಸೆರಗನ್ನು ಸೊಂಟಕ್ಕೆ ಬಿಗಿದು ವಿಮಾನದ ಹತ್ತಿರ ಬಂದು ನಿಂತಳು. ಭಾವ ಕಡ್ಡಿಯನ್ನು ಇನ್ನೊಂದು ಸಲ ಟ್ಯಾಂಕಿಗೆ ಇಳಿಸಿ ನೋಡಿದರು. ಅಕ್ಕ ಮುಡಿದಿದ್ದ ಮಲ್ಲಿಗೆ ದಂಡೆ ಬಿಚ್ಚಿ ನನ್ನ ಕೈಗಿತ್ತಳು.

“ಗಾಳಿಗೆ ಉದ್ರೋಯ್ತದೆ. ಒದ್ದೆ ಬಟ್ಟೇಲಿ ಸುತ್ತಿ ಮಡ್ಗಿರು, ಬಂದ್ಮೇಲೆ ಮುಡ್ಕೋತೀನಿ.”