ಹದಿಮೂರರ ಡಜನ್

ಇಡೀ ನಿಜಾಮರ ರಾಜ್ಯದಲ್ಲಿ ಗಣಿತಕ್ಕೆ ನಮ್ಮ ಸೋದರಮಾವನಷ್ಟು ಅನ್ಯಾಯ ಮಾಡಿದವರು ಇನ್ನೊಬ್ಬರಿರಲಿಕ್ಕಿಲ್ಲ! ಅದನ್ನೂ ಮಾಡಿದ್ದು ಬರೀ ಒಳ್ಳೆಯತನದಿಂದ. ಕಮಲಾಪುರದಲ್ಲಿ ಅವರ ಕೆಂಪು ಬಾಳೆಯ ತೋಟ, ಕಲಬುರಗಿಯ ಶಹಾಬಜಾರದಲ್ಲಿ ಹಣ್ಣಿನ ಅಂಗಡಿ. ಡಜನ್ ಕೇಳಿದವರಿಗೆ ಹನ್ನೆರಡರ ಮೇಲೊಂದು ಕೊಸರು ಹಾಕದೆ ಕಳಿಸಿದವರೇ ಅಲ್ಲ. ಬೇರೆ ಅಂಗಡಿಯವರು ಕೇಳಿದರೆ ಕೊಸರು ಕೊಡುತ್ತಾರೆ. ಮಾಮಾ ಬೇಡವೆಂದವರ ಬೆನ್ನು ಹತ್ತಿ ಕೊಡುತ್ತಿದ್ದರು.

ಒಮ್ಮೆ ಒಬ್ಬ ಸಿಪಾಯಿ ಹನ್ನೆರಡೇ ಹಣ್ಣು ಹಿಡಿದು ಅವಸರದಲ್ಲಿ ಹೊರಟ. ಮಾಮಾ ಕೂಗುತ್ತ ಬೆನ್ನಟ್ಟಿದರು. ಸಿಪಾಯಿಗೆ ಏನನಿಸಿತೋ, ಓಟ ಕಿತ್ತ! ಕಳ್ಳ ಯಾರು, ಹಿಡಿಯುವವರು ಯಾರು ಎಂದು ಜನಕ್ಕೆ ತಿಳಿಯಬೇಕಲ್ಲ? ಓಣಿಯವರು ಸೇರಿ ಸಿಪಾಯಿಯನ್ನೇ ಹಿಡಿದು ನಿಲ್ಲಿಸಿದರು. ಮಾಮಾ ಅವನ ಕೈಯಲ್ಲಿ ಹಣ್ಣಿಟ್ಟು, ಬೆವರೊರೆಸಿಕೊಂಡು ಅಂಗಡಿಗೆ ಮರಳಿದರು.

ತಂದೆಯಿಲ್ಲದ ನಾನು ಬೆಳೆದದ್ದು ಇಂಥವರ ಕೈಯಲ್ಲಿ. ಶಾಲೆ ಬಿಟ್ಟೊಡನೆ ಅಂಗಡಿಯಲ್ಲಿ ಹಣ್ಣು ಎಣಿಸುವುದು ನನ್ನ ಕೆಲಸ. ಮುಂದೆ ಹೈದರಾಬಾದಿನ ಕಾಲೇಜು ಸೇರಲು ಪ್ರವೇಶ ಪರೀಕ್ಷೆಗೆ ಕೂತೆ. ಉರ್ದು, ಫಾರ್ಸಿ ಎಲ್ಲ ದಾಟಿದೆ. ಗಣಿತದಲ್ಲಿ ಮಕಾಡೆ ಬಿದ್ದೆ. ನಮ್ಮ ಶಾಲೆಯ ಮೌಲ್ವಿ ಸಾಹೇಬರು ನನ್ನನ್ನು ಎದುರಿಗೆ ಕೂರಿಸಿಕೊಂಡು ಅದೇ ಲೆಕ್ಕಗಳನ್ನು ಮತ್ತೆ ಮಾಡಿಸಿ ನೋಡಿದರು.

“ತರೀಕಾ ಸಹೀ, ಜವಾಬ್ ಗಲತ್,” ಎಂದರು. ಮಾಡುವ ರೀತಿ ಸರಿ, ಉತ್ತರ ಮಾತ್ರ ತಪ್ಪು!

ಡಜನ್ ಎಂದರೆ ಹನ್ನೆರಡೆಂದು ನನಗೆ ಗೊತ್ತಿಲ್ಲದೆ ಏನು? ಆದರೆ ಅವಸರದಲ್ಲಿ ಕೈ ಹದಿಮೂರಕ್ಕೆ ಓಡುತ್ತಿತ್ತು. ಜೋಳದ ಲೆಕ್ಕ ಬಂದರೂ ಅಷ್ಟೇ. ಬಂದ ಉತ್ತರಕ್ಕೆ ಒಂದಿಷ್ಟು ಸೇರಿಸದಿದ್ದರೆ ನನಗೆ ಜಿಪುಣತನ ಮಾಡಿದಂತೆ ಸಂಕಟ! ಮೌಲ್ವಿ ಸಾಹೇಬರು ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ, ಇನ್ನೊಂದೇ ಸಲ ಅವಕಾಶವಿದೆ, ಅದೂ ತಪ್ಪಿದರೆ ಕಾಲೇಜಿನ ಆಸೆ ಬಿಡು ಎಂದು ಹೇಳಿ ಕಳಿಸಿದರು.

ಮಾಮಾಗೆ ಹೇಳಿದೆ. ಗಿರಾಕಿಗೆಂದು ಎತ್ತಿದ್ದ ಕೊಸರಿನ ಹಣ್ಣನ್ನು ಮತ್ತೆ ಬುಟ್ಟಿಯಲ್ಲಿಟ್ಟರು.

“ನೀ ಪಾಸಾಗೋ ತನಕ ನನ್ನ ಅಂಗಡ್ಯಾಗ ಕೊಸರು ಬಂದ್ ಲೇ,” ಎಂದರು.

ಕುಡುಕ ಸೇಂದಿ ಬಿಟ್ಟರೂ ಇಷ್ಟು ಒದ್ದಾಡಲಾರ! ಗಿರಾಕಿ ಹೊರಟರೆ ಸಾಕು, ಮಾಮಾನ ಕೈ ತಾನಾಗಿ ಗೊನೆಯ ಕಡೆ ಹೋಗುತ್ತಿತ್ತು. ಆ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದರು. ಕೊಸರು ಸಿಗದ ಒಬ್ಬ ಮುದುಕಿ ಗಾಬರಿಯಾಗಿ, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೋ ಇಲ್ಲವೋ ಎಂದು ವಿಚಾರಿಸಿದಳು. ಮಾಮಾ ನನ್ನ ಕಥೆ ಹೇಳಿದರು. ಆಕೆ ಅಯ್ಯೋ ಪಾಪವೆಂದು, ಹುಡುಗನ ಓದಿಗೆ ಒಳ್ಳೆಯದಾಗಲಿ ಎಂದು ತನ್ನ ಡಜನ್ನಿನಿಂದಲೇ ಒಂದು ಹಣ್ಣು ವಾಪಸಿಟ್ಟು ಹೋದಳು. ಸುದ್ದಿ ಹಬ್ಬಿತು ನೋಡಿ, ಬಂದವರೆಲ್ಲ ಒಂದೊಂದು ಇಟ್ಟು ಹೋಗತೊಡಗಿದರು!

ಮಾಮಾ ಕಂಗಾಲಾದರು. “ಈಗ ಡಜನ್ನಿಗೆ ಹನ್ನೊಂದಾತು. ಇದನ್ನೆಲ್ಲಿ ತಲ್ಯಾಗ ಹಾಕ್ಕೊಂಡಿ ಲೇ, ಆ ಕಡೆ ನೋಡಬ್ಯಾಡ,” ಎಂದು ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು.

ದಿನವೂ ಸಂಜೆ ನನಗೆ ಅವರದೇ ಪಾಠ. ನನ್ನ ಲೆಕ್ಕವೆಲ್ಲ ಉರ್ದುವಿನಲ್ಲಿ, ಅದರ ಒಂದಕ್ಷರವೂ ಅವರಿಗೆ ಬಾರದು. ಆದರೂ ನಾನು ಉತ್ತರ ಬರೆದು ಕೆಳಗೆ ಗೆರೆ ಎಳೆದದ್ದೇ ತಡ, ಹದ್ದಿನಂತೆ ಪಾಟಿ ಕಸಿದುಕೊಳ್ಳುತ್ತಿದ್ದರು. ಕೊಸರು ಸೇರಿಸಲು ನನಗೆ ಸಂದು ಸಿಗಬೇಕಲ್ಲ! ಪರೀಕ್ಷೆ ಬರುವ ಹೊತ್ತಿಗೆ ನನ್ನ ಕೈ ಗೆರೆ ಎಳೆದು ತಾನೇ ನಿಲ್ಲುವುದನ್ನು ಕಲಿತಿತ್ತು.

ಗಣಿತದಲ್ಲಿ ನಾನು ಶಾಲೆಗೇ ಮೊದಲಿಗನಾದೆ! ಮೌಲ್ವಿ ಸಾಹೇಬರು ತಾವೇ ಅಂಗಡಿಗೆ ಬಂದು ಹೇಳಿದರು. ಮರುದಿನ ಕಮಲಾಪುರದಿಂದ ಬಂಡಿ ತುಂಬ ಗೊನೆ ಬಂದವು. ಶಹಾಬಜಾರದಲ್ಲಿ ಅವತ್ತು ಹಣ್ಣು ತಿನ್ನದವರು ಹಲ್ಲಿಲ್ಲದ ಕೂಸುಗಳು ಮಾತ್ರ. ಮಾಮಾ ಬಂಡಿಯ ಮೇಲೆ ನಿಂತು ಎಣಿಸದೆ ಹಂಚಿದರು.

ನಾನು ಹೈದರಾಬಾದಿಗೆ ಹೊರಟ ದಿನ ಸ್ಟೇಶನ್ನಿಗೆ ಬಂದ ಅವರು ಯಾಕೋ ದೂರವೇ ನಿಂತಿದ್ದರು. ಗಾಡಿ ಬಿಡುವ ಹೊತ್ತಿಗೆ ಕಿಟಕಿಯ ಹತ್ತಿರ ಬಂದು, “ಹುಷಾರ್ ಇರ್ರಿ. ಊಟಾ ಬಿಡಬ್ಯಾಡ್ರಿ,” ಎಂದರು.

“ಮಾಮಾ, ನನಗ್ಯಾಕ ರೀ ಅಂತೀರಿ?”

“ಕಾಲೇಜಿಗೆ ಹೊಂಟೀರಿ. ಇನ್ನ ನಾ ಹೆಂಗ ಲೇ ಅನ್ಲಿ?”

ಪಾಸಾದರೆ ಈ ‘ಲೇ’ ಕಳೆದುಹೋಗುತ್ತದೆ ಎಂದು ನನಗೆ ಯಾರು ಹೇಳಿದ್ದರು? ಅಷ್ಟು ಜನರ ನಡುವೆ ನಾನು ಅತ್ತುಬಿಟ್ಟೆ. ಒಂದು ಸಲ ಅನ್ರಿ ಎಂದು ಅವರ ಕೈ ಹಿಡಿದುಕೊಂಡೆ. ಗಾಡಿ ಅಲುಗಿತು. ಮಾಮಾ ನನ್ನ ಕೆನ್ನೆಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಅಂದರು:

“ಲೇ ತಮ್ಮಾ, ಲಗೂ ಬಾ.”