ಕ್ಯಾಪ್ಟನ್ ಮೈಮೇಲಿನ ಧೂಳು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಮರದ ತುಂಡು. ಅದಕ್ಕೆ ಕಪ್ಪು ಬಣ್ಣ ಹೊಡೆಯುವುದೊಂದು ಬಾಕಿ ಇತ್ತು. ರುಡಾಲ್ಫ್ ಅದನ್ನು ಹಾಗೆಯೇ ಬಿಟ್ಟಿದ್ದರೆ ಒಳ್ಳೆಯದಿತ್ತು.

ಆ ತುಂಡಿನ ಮೇಲೆ ನಿಲ್ಲಬೇಕಾದವನು ಕ್ಯಾಪ್ಟನ್, ಹೆಬ್ಬೆರಳೆತ್ತರದ ಪ್ಲಾಸ್ಟಿಕ್ ಸೈನಿಕ. ಯಾವುದೋ ಗ್ರಹದಲ್ಲಿ, ಯಾವುದೋ ಶತಮಾನದಲ್ಲಿ ನಡೆಯುವ ಯುದ್ಧದ ಆಟಕ್ಕೆ ಇಂಥವರ ದಂಡೇ ಬೇಕು. ಅಂಗಡಿಯಿಂದ ಬರುವಾಗ ಅವರೆಲ್ಲ ಬರೀ ಬೂದು ಪ್ಲಾಸ್ಟಿಕ್. ಬಣ್ಣ ಹಚ್ಚುವುದು ಕೊಂಡವನ ಕೆಲಸ. ರುಡಾಲ್ಫ್ ಆಡುತ್ತಿದ್ದದ್ದು ಕಡಿಮೆ, ಹಚ್ಚುತ್ತಿದ್ದದ್ದೇ ಹೆಚ್ಚು. ಕುವೈತಿನ ಶುವೈಖಿನಲ್ಲಿದ್ದ ಬಿಡಿಭಾಗಗಳ ಗೋದಾಮಿನಲ್ಲಿ ದಿನವಿಡೀ ಬೇರಿಂಗು, ಬ್ರೇಕ್ ಪ್ಯಾಡುಗಳ ನಡುವೆ ಸವೆದು ಮಂಗಫಿನ ಫ್ಲ್ಯಾಟಿಗೆ ಬಂದು, ಭೂತಗನ್ನಡಿ ಏರಿಸಿ, ಮೂರು ಕೂದಲಿನ ಬ್ರಶ್ ಹಿಡಿದನೆಂದರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ.

ಅವನ ಕೈಚಳಕವೆಲ್ಲ ಇದ್ದದ್ದು ಕೊಳೆಯಲ್ಲಿ. ಮೊದಲು ಸೈನಿಕನಿಗೆ ಹೊಸ ಕಾರಿನಂತೆ ಮಿರಿಮಿರಿ ಬಣ್ಣ ಹಚ್ಚುವುದು, ಆಮೇಲೆ ಅದರ ಮೇಲೆ ಯುದ್ಧ ಮಾಡಿ ಬಂದ ಗುರುತು ಬಿಡಿಸುವುದು. ಬೂಟಿಗೆ ಕೆಂಧೂಳು, ಭುಜದ ಕವಚಕ್ಕೆ ತುಕ್ಕು, ಕೋವಿಯ ಬಾಯಿಗೆ ಮಸಿ. ಸ್ವಚ್ಛವಾಗಿದ್ದರೆ ಬೊಂಬೆ, ಕೊಳಕಾಗಿದ್ದರೆ ಸೈನಿಕ ಎನ್ನುವುದು ಈ ವಿದ್ಯೆಯ ಮೊದಲ ಪಾಠ. ಕ್ಯಾಪ್ಟನ್ನನ ಮೈಮೇಲೆ ಅವನು ಇಡೀ ಚಳಿಗಾಲ ಕೂತು ಧೂಳು ಹಚ್ಚಿದ್ದ.

ಹೆಂಡತಿ ರೋಸಲಿನ್‌ಗೆ ಇದು ಅರ್ಥವಾಗುತ್ತಿರಲಿಲ್ಲ. ಅವಳು ನರ್ಸು. ಕುವೈತಿನ ಕಿಟಕಿ ಸಂದಿಗಳಿಂದ ಬರುವ ಧೂಳನ್ನು ದಿನಕ್ಕೆರಡು ಬಾರಿ ಒರೆಸುವವಳಿಗೆ, ಗಂಡ ಧೂಳನ್ನು ಬಾಟಲಿಯಲ್ಲಿ ಕೊಂಡು ತರುವುದು ನೋಡಿದರೆ ಏನನ್ನಿಸಬೇಕು? ಜೊತೆಗೆ ಊಟದ ಮೇಜಿನ ಅರ್ಧ ಅವನ ಬಣ್ಣಗಳಿಗೇ ಹೋಗಿತ್ತು. ಬಂದ ನೆಂಟರು ತಟ್ಟೆ ತೊಡೆಯ ಮೇಲಿಟ್ಟು ಸೋಫಾದಲ್ಲಿ ಉಣ್ಣುತ್ತಿದ್ದರು.

ಆ ಶುಕ್ರವಾರ ಬೆಳಿಗ್ಗೆ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು: "ಇವತ್ತು ಸಂಜೆ ಸಾಲ್ಮಿಯಾದಲ್ಲಿ ನಿಮ್ಮ ಬೊಂಬೆ ಪೇಂಟಿಂಗ್ ಕಾಂಪಿಟೀಶನ್ ಅಲ್ವಾ? ಪ್ರೈಜ್ ಬಂದ್ರೆ ಅರ್ಧ ಟೇಬಲ್ ನಿಮ್ಗೆ, ನಾನು ಇನ್ನು ಬಾಯಿ ಬಿಡುದಿಲ್ಲ. ಬರ್ಲಿಲ್ಲಾಂದ್ರೆ ಎಲ್ಲ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ. ಖಲಾಸ್."

"ಆಗ್ಲಿ," ಎಂದ ರುಡಾಲ್ಫ್. ಪ್ರೈಜ್ ಬರುತ್ತದೆಂದು ಅವನಿಗೆ ಖಾತ್ರಿ ಇತ್ತು.

ಅವಳು ಹೋದದ್ದೇ ತಡ, ಮರದ ತುಂಡು ಮತ್ತು ಕಪ್ಪು ಸ್ಪ್ರೇ ಡಬ್ಬಿ ಹಿಡಿದು ತಾರಸಿಗೆ ಏರಿದ. ಡಬ್ಬಿ ಅಲುಗಿಸಿದ, ಗುರಿ ಹಿಡಿದ, ಒತ್ತಿದ. ಗಾಳಿ ಯಾವ ಕಡೆಗೆ ಎಂದು ಮಾತ್ರ ನೋಡಲಿಲ್ಲ. ತುಂಡು ಚೆನ್ನಾಗಿ ಕಪ್ಪಾಯಿತು. ತಲೆ ಎತ್ತಿ ನೋಡಿದರೆ, ಹಿಂದಿನ ಹಗ್ಗದಲ್ಲಿ ತೂಗುತ್ತಿದ್ದ ಪುಟ್ಟ ಬಿಳಿ ಫ್ರಾಕಿನ ಮೇಲೂ ಕರಿ ಎಳ್ಳು ಚೆಲ್ಲಿದಂತೆ ಚುಕ್ಕೆಗಳು.

ಅದು ಎದುರು ಮನೆಯ ಕಾರ್ಮೆಲಳ ಮಗಳು ವೆನಿಸ್ಸಾಳ ಫ್ರಾಕು. ಸಂಜೆ ಇಗರ್ಜಿಯಲ್ಲಿ ಅವಳ ಫಸ್ಟ್ ಕಮ್ಯೂನಿಯನ್, ಮೊದಲ ಸಲ ಪರಮಪ್ರಸಾದ ಪಡೆಯುವ ದಿನ; ಅಚ್ಚ ಬಿಳಿಯೇ ಉಡಬೇಕು. ಊರಲ್ಲಿ ಅಜ್ಜಿ ಹೊಲಿಸಿ ಕಳುಹಿಸಿದ್ದನ್ನು, ಸೂಟ್‌ಕೇಸಿನ ವಾಸನೆ ಹೋಗಲಿ ಎಂದು ಕಾರ್ಮೆಲ್ ಒಗೆದು ಹಾಕಿದ್ದಳು.

ಮೆಟ್ಟಿಲಲ್ಲಿ ಚಪ್ಪಲಿ ಸದ್ದಾಯಿತು. ರುಡಾಲ್ಫ್ ಡಬ್ಬಿಯನ್ನು ನೀರಿನ ಟ್ಯಾಂಕಿನ ಹಿಂದೆ ಎಸೆದು, ಆಕಾಶ ನೋಡುತ್ತ ನಿಂತ.

"ಅಯ್ಯೋ ದೇವಾ!" ಕಾರ್ಮೆಲಳ ಕೂಗಿಗೆ ಕೆಳಗಿನ ಬಕಾಲಾದ, ಎಂದರೆ ದಿನಸಿ ಅಂಗಡಿಯ, ಅಬ್ದುಲ್ ರಹಿಮಾನ್ ಕೂಡ ಓಡಿ ಬಂದ. "ಇದೆಂತ ಇದು? ಈಗಷ್ಟೇ ಒಗೆದು ಹಾಕಿದ್ದು! ಯಾರು ಮಾಡಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ ರುಡಾಲ್ಫ್ ಕಪ್ಪು ಹತ್ತಿದ ಬೆರಳುಗಳನ್ನು ಜೇಬಿಗೆ ತುರುಕಿದ. "ಪಾರಿವಾಳ ಇರ್ಬೇಕು," ಎಂದ.

"ಪಾರಿವಾಳ ಕಪ್ಪು ಹಾಕ್ತದಾ?"

"ಇಲ್ಲಿಯ ಪಾರಿವಾಳ ಎಂತ ತಿಂತದೆ ಅಂತ ಯಾರಿಗೆ ಗೊತ್ತುಂಟು?"

ಅಬ್ದುಲ್ ರಹಿಮಾನ್ ಗಡ್ಡ ಕೆರೆದು, ರುಡಾಲ್ಫನನ್ನೊಮ್ಮೆ, ಫ್ರಾಕನ್ನೊಮ್ಮೆ ನೋಡಿದ. "ಲಿಂಬೆ ಹಚ್ಚುವ. ಎಂಥ ಕಲೆಯಾದ್ರೂ ಹೋಗ್ತದೆ," ಎಂದು ಅಂಗಡಿಯಿಂದ ಲಿಂಬೆ ತಂದು ತಾನೇ ತಿಕ್ಕಿದ. ಎಳ್ಳಿನಷ್ಟಿದ್ದ ಒಂದು ಚುಕ್ಕೆ ತೊಗರಿಬೇಳೆಯಷ್ಟಾಯಿತು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಕಾರ್ಮೆಲ್ ಲಿಂಬೆ ಕಿತ್ತುಕೊಂಡಳು. ಹಿಂದೆಯೇ ಬಂದ ವೆನಿಸ್ಸಾ ಫ್ರಾಕನ್ನು ನೋಡಿ, "ಮಮ್ಮಾ, ಐ ಕಾಂಟ್ ಗೋ ಲೈಕ್ ದಿಸ್," ಎಂದಳು. ಅಳಲಿಲ್ಲ. ಉಗುರಿನಿಂದ ಒಂದು ಚುಕ್ಕೆ ಕೆರೆದು ನೋಡಿದಳು.

ರುಡಾಲ್ಫನಿಗೆ ಬಾಯಿ ಬಿಟ್ಟು ತಪ್ಪೊಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಬೇರೆಯೇ ಮಾತು ಬಂತು. "ನನ್ಗೆ ಕೊಡಿ. ಚುಕ್ಕೆ ಇದ್ದಲ್ಲೆಲ್ಲ ಒಂದೊಂದು ಹೂ ಬಿಡಿಸ್ತೇನೆ. ಕಸೂತಿ ಅಂತ್ಲೇ ಕಾಣ್ಬೇಕು."

ಮೂವರೂ ಅವನ ಹಿಂದೆ ಫ್ಲ್ಯಾಟಿಗೆ ಬಂದರು. ಮೇಜಿನ ಅರ್ಧ ಫ್ರಾಕಿಗೆ ಸಾಲದು. ಕಾರ್ಮೆಲ್ ಕ್ಯಾಪ್ಟನ್ ಇದ್ದ ಟ್ರೇಯನ್ನೇ ಎತ್ತಿಕೊಂಡಳು. "ಇದು ನಮ್ಮ ಮನೆಯಲ್ಲಿರ್ಲಿ. ನಿಮ್ಗೆ ಜಾಗ ಆಗ್ತದೆ."

"ಜಾಗ್ರತೆ, ಅವನನ್ನು ಸಂಜೆ ಸಾಲ್ಮಿಯಾಕ್ಕೆ ಕೊಂಡುಹೋಗ್ಲಿಕ್ಕುಂಟು."

"ಹೆದ್ರಬೇಡಿ ಮಾರಾಯ್ರೆ. ನನ್ನ ಮಗುವಿನ ಹಾಗೆ ನೋಡ್ಕೊಳ್ತೇನೆ."

ಬಾಗಿಲು ಹಾಕಿಕೊಂಡ ರುಡಾಲ್ಫ್ ಕೆಲಸಕ್ಕೆ ಕೂತ. ಕ್ಯಾಪ್ಟನ್ನನ ಪದಕಕ್ಕೆಂದು ತಂದ ಮುತ್ತಿನ ಬಿಳಿಯಲ್ಲಿ ಮಲ್ಲಿಗೆ ಮೊಗ್ಗು, ಕತ್ತಿಯ ಬೆಳ್ಳಿಯಲ್ಲಿ ತೊಟ್ಟು. ಲಿಂಬೆಯ ಕಲೆ ಇದ್ದಲ್ಲಿ ಮೊಗ್ಗು ಅರಳಬೇಕಾಯಿತು. ಮಧ್ಯಾಹ್ನದ ಊಟ ತಪ್ಪಿತು, ಕುತ್ತಿಗೆ ಹಿಡಿದುಕೊಂಡಿತು. ಆದರೆ ಕೊನೆಯ ಮೊಗ್ಗು ಮುಗಿಸಿ ಫ್ರಾಕನ್ನು ಎತ್ತಿ ಹಿಡಿದಾಗ, ಕತ್ತಿನಿಂದ ಅಂಚಿನವರೆಗೆ ಶಂಕರಪುರ ಮಲ್ಲಿಗೆಯ ಚೆಂಡು ಬಿಚ್ಚಿ ಸುರಿದ ಹಾಗಿತ್ತು. ತನ್ನ ಕೆಲಸ ನೋಡಿ ಅವನಿಗೇ ಖುಷಿಯಾಯಿತು.

ಕಾರ್ಮೆಲ್ ಫ್ರಾಕು ನೋಡಿ ಕಣ್ಣೊರೆಸಿಕೊಂಡಳು. ವೆನಿಸ್ಸಾ "ಥ್ಯಾಂಕ್ ಯೂ ಅಂಕಲ್" ಎಂದು ಅವನ ಸೊಂಟ ತಬ್ಬಿಕೊಂಡಳು. ರುಡಾಲ್ಫ್ ಗಡಿಯಾರ ನೋಡಿದ. ಈಗ ಹೊರಟರೆ ಸಾಲ್ಮಿಯಾಕ್ಕೆ ಸಮಯಕ್ಕೆ ಸರಿಯಾಗಿ ಮುಟ್ಟಬಹುದು. "ನನ್ನ ಟ್ರೇ?" ಎಂದ.

"ಒಂದು ನಿಮಿಷ!" ಕಾರ್ಮೆಲ್ ಓಡಿ ಹೋಗಿ ಟ್ರೇ ತಂದಳು. ಮೇಲೆ ಕ್ರೋಶಾ ಬಟ್ಟೆ ಮುಚ್ಚಿತ್ತು. "ನೀವು ನನ್ಗೆ ಇಷ್ಟು ಉಪಕಾರ ಮಾಡುವಾಗ ನಾನು ಸುಮ್ನೆ ಕೂತ್ಕೊಳ್ಳುದಾ?" ಎನ್ನುತ್ತ ಬಟ್ಟೆ ಎತ್ತಿದಳು.

ಕ್ಯಾಪ್ಟನ್ ಇದ್ದ. ಅಂಗಡಿಯಿಂದ ಬಂದ ದಿನದ ಹಾಗೆ, ಬರೀ ಬೂದು ಪ್ಲಾಸ್ಟಿಕ್ಕಾಗಿ, ಆಸ್ಪತ್ರೆಯ ವಾರ್ಡಿನಂತೆ ಘಮಘಮಿಸುತ್ತ.

"ಎಂಥ ಧೂಳು ಮಾರಾಯ್ರೆ! ತುಕ್ಕು ಬೇರೆ! ಪಾಪ, ರೋಸಲಿನ್‌ಗೆ ಡ್ಯೂಟಿ, ನಿಮ್ಗೆ ಪುರುಸೊತ್ತಿಲ್ಲ. ಒರೆಸಿ ನೋಡಿದೆ, ಹೋಗ್ಲಿಲ್ಲ. ಮತ್ತೆ ಆಂಟಿಸೆಪ್ಟಿಕ್ ಲೋಶನ್ನಲ್ಲಿ ಮಧ್ಯಾಹ್ನದವರೆಗೆ ನೆನೆ ಹಾಕಿ ಹಲ್ಲಿನ ಬ್ರಶ್ಶಲ್ಲಿ ತಿಕ್ಕಿದೆ. ಒಂದು ಕಣ ಧೂಳು ಉಳೀಲಿಲ್ಲ! ಬಣ್ಣ ಸ್ವಲ್ಪ ಹೋಗಿದೆ. ನೀವು ಆರ್ಟಿಸ್ಟ್ ಅಲ್ವಾ, ಐದು ನಿಮಿಷದಲ್ಲಿ ಹಚ್ತೀರಿ."

ರುಡಾಲ್ಫನ ಬಾಯಿ ತೆರೆಯಿತು. ಚಳಿಗಾಲವಿಡೀ ಹಚ್ಚಿದ ಧೂಳು ನಿಜವಾದ ಧೂಳೆಂದೇ ಒಬ್ಬರು ನಂಬಿದ್ದರು; ಯಾವ ತೀರ್ಪುಗಾರನೂ ಇದಕ್ಕಿಂತ ದೊಡ್ಡ ಮೆಚ್ಚುಗೆ ಕೊಡಲಾರ. ಆದರೂ ಅವನಿಗೆ ಅರಚಬೇಕೆನಿಸಿತು. ಅರಚಿದರೆ, ಹಾಳು ಮಾಡಿದವರ ಲೆಕ್ಕ ತಾರಸಿಯಿಂದಲೇ ಶುರುವಾಗುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವ ಹಾಗಿರಲಿಲ್ಲ. ನುಂಗಿದ.

"ತುಂಬಾ ಉಪಕಾರ ಆಯ್ತು," ಎಂದ.

ಡ್ಯೂಟಿ ಮುಗಿಸಿ, ಇಗರ್ಜಿಗೂ ಹೋಗಿ ರಾತ್ರಿ ಮನೆಗೆ ಬಂದ ರೋಸಲಿನ್ ಮೇಜಿನ ಮುಂದೆ ಸುಮ್ಮನೆ ಕೂತಿದ್ದ ಗಂಡನನ್ನು ನೋಡಿ, "ಪ್ರೈಜ್?" ಎಂದಳು.

"ಹೋಗ್ಲೇ ಇಲ್ಲ."

ಅವಳು ಬೂದು ಕ್ಯಾಪ್ಟನ್ನನನ್ನು ಕೈಗೆತ್ತಿಕೊಂಡು ನೋಡಿದಳು. ಅವನು ಬೂದಾದ ಕಾರಣವನ್ನು ಕಾರ್ಮೆಲಳ ಬಾಯಿಂದಲೇ ಇಗರ್ಜಿಯ ಅಂಗಳದಲ್ಲಿ ಕೇಳಿ ಬಂದಿದ್ದಳು. ಪಾಪ ಅನ್ನಿಸಿತು. ಆದರೆ ಮಾತು ಅಂದರೆ ಮಾತು. ಪೆಟ್ಟಿಗೆ ತಂದು ಬಣ್ಣದ ಬಾಟಲಿಗಳನ್ನು ಒಂದೊಂದಾಗಿ ಇಡತೊಡಗಿದಳು.

ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಅಬ್ದುಲ್ ರಹಿಮಾನ್, ಒಂದು ಕೈಯಲ್ಲಿ ಉದ್ದದ ಬಿಳಿ ದುಪಟ್ಟಾ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. "ನನ್ನ ಮಗಳು ಝಾಹಿದಾಳ ನಿಖಾಹ್ ಉಂಟಲ್ಲ ಬರುವ ತಿಂಗಳು. ವೆನಿಸ್ಸಾಳ ಫ್ರಾಕು ನೋಡಿದಲ್ಲಿಂದ ಅವಳದ್ದು ಒಂದೇ ಹಟ. ಇದಿಡೀ ಮಲ್ಲಿಗೆ ಬೇಕಂತೆ."

"ಇಡೀ ದುಪಟ್ಟಾ? ನನ್ನಿಂದಾಗ್ಲಿಕ್ಕಿಲ್ಲ ಭಾಯಿ. ನಾನು ಬಣ್ಣವೇ ಬಿಟ್ಟೆ," ಎಂದ ರುಡಾಲ್ಫ್.

ಅಬ್ದುಲ್ ರಹಿಮಾನ್ ಚೀಲದ ಬಾಯಿಯನ್ನು ಅವನಿಗೆ ಮಾತ್ರ ಕಾಣುವಂತೆ ತೆರೆದ. ಒಳಗೆ ಕಪ್ಪು ಸ್ಪ್ರೇ ಡಬ್ಬಿ. "ಟ್ಯಾಂಕಿನ ನೀರು ನೋಡ್ಲಿಕ್ಕೆ ಹೋಗಿದ್ದೆ," ಎಂದು ಪಿಸುಗುಟ್ಟಿದ.

ರುಡಾಲ್ಫ್ ದುಪಟ್ಟಾ ಇಸಿದುಕೊಂಡ.

ರೋಸಲಿನ್ ಅದನ್ನು ಮೇಜಿನ ಮೇಲೆ ಹರವಿ ನೋಡಿದಳು. ಮೇಜಿನ ಆ ತುದಿಯಿಂದ ಈ ತುದಿಯವರೆಗೂ ಸಾಲದೆ ಅದು ಕೆಳಗೆ ಇಳಿಬಿದ್ದಿತು. "ಇದು ಒಳ್ಳೆ ಕೆಲಸ," ಎಂದಳು. "ಇನ್ನು ಅರ್ಧ ಅಲ್ಲ, ಇಡೀ ಟೇಬಲ್ ನಿಮ್ಗೇ. ನಾವು ಸೋಫಾದಲ್ಲಿ ಊಟ ಮಾಡುವ." ಬಿಳಿ, ಬೆಳ್ಳಿ ಬಾಟಲಿಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಳು. ಉಳಿದದ್ದರ ಜೊತೆ ಕ್ಯಾಪ್ಟನ್ ಅಟ್ಟಕ್ಕೆ ಹೋದ.

ಮೆಟ್ಟಿಲಿಳಿಯುತ್ತಿದ್ದ ಅಬ್ದುಲ್ ರಹಿಮಾನ್ ತಿರುಗಿ ನಿಂತ. "ಮತ್ತೆ ರುಡಾಲ್ಫ್, ಬರೀ ಮಲ್ಲಿಗೆ ಸಾಕು. ಪಾರಿವಾಳ ಎಲ್ಲ ಬಿಡಿಸ್ಬೇಡಿ."