ಗೋಡೆಗೆ ಬಂದ ತಂತಿ

ಆ ಬುಧವಾರ ಬೆಳಿಗ್ಗೆ ಆರೂವರೆಗೆ ಬೀರೂರಿನಲ್ಲಿ ಕರೆಂಟು ಹೋಗದೇ ಇದ್ದಿದ್ದರೆ ಬೆನಕಪ್ಪನ ಮಾನ ಉಳಿಯುತ್ತಿತ್ತು. ಎಂಬತ್ತೈದನೇ ಇಸವಿಯಲ್ಲಿ ಕರೆಂಟು ಹೋಗುವುದು ಸುದ್ದಿಯೇ ಅಲ್ಲ, ಬರುವುದು ಸುದ್ದಿ. ಆದರೆ ಅದು ಹೋದ ಹೊತ್ತಿಗೆ ಬೆನಕಪ್ಪ ಕಿಟಕಿಯಿಲ್ಲದ ಒಳಕೋಣೆಯಲ್ಲಿ ಕೂತು ಹೆಂಡತಿಯ ಡಬ್ಬಿಗೆ ಬ್ಯಾಟರಿ ಬದಲಾಯಿಸುತ್ತಿದ್ದ. ಕತ್ತಲಲ್ಲೇ ತಡಕಾಡಿ ಒಂದನ್ನು ಒಳಕ್ಕೆ ತುರುಕಿದ, ಇನ್ನೊಂದನ್ನು ಚಾರ್ಜ್ ಮಾಡಿಸಲೆಂದು ಜೇಬಿಗೆ ಹಾಕಿಕೊಂಡ. ಡಬ್ಬಿ ‘ಟಿಕ್’ ಎಂದಿತು. ಸರಿ, ಜೀವ ಇದೆ ಎಂದುಕೊಂಡು ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹೊರಟ.

ಡಬ್ಬಿಯೆಂದರೆ ಊಟದ ಡಬ್ಬಿಯಲ್ಲ. ದಾಕ್ಷಾಯಣಿಗೆ ಹನ್ನೆರಡನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಎರಡು ಸಲ ಬಸುರಾಗಿ, ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಕಳೆದುಕೊಂಡಿದ್ದಳು. ಈಗ ಮೂರನೆಯದು. ಬೆಂಗಳೂರಿನ ದೊಡ್ಡ ಡಾಕ್ಟರೊಬ್ಬರು, “ಮೊದಲ ಮೂರು ತಿಂಗಳು ಸಕ್ಕರೆ ಹತೋಟೀಲಿ ಇರಬೇಕಮ್ಮ, ಅದು ತಪ್ಪಿದರೆ ಮಗು ಕಷ್ಟ” ಎಂದು ಹೇಳಿ, ಹೊರದೇಶದಿಂದ ತಂದಿದ್ದ ಅರ್ಧ ಇಟ್ಟಿಗೆ ಗಾತ್ರದ ಯಂತ್ರವನ್ನು ಎರವಲು ಕೊಟ್ಟಿದ್ದರು. ಅದನ್ನು ಸೊಂಟಕ್ಕೆ ಕಟ್ಟಿ ಮೇಲೆ ಸೀರೆ ಮುಚ್ಚಬೇಕು. ಅದರಿಂದ ಹೊರಟ ಸಣ್ಣ ನಳಿಗೆಯ ತುದಿಯ ಸೂಜಿ ಹೊಟ್ಟೆಯ ಚರ್ಮದಲ್ಲಿ. ಐದು ನಿಮಿಷಕ್ಕೊಮ್ಮೆ ‘ಟಿಕ್’ ಎಂದು ಇಷ್ಟೇ ಇಷ್ಟು ಇನ್ಸುಲಿನ್ ಒಳಗೆ ತಳ್ಳುತ್ತದೆ.

ಡಬ್ಬಿಯ ವಿಷಯವಾಗಲಿ, ಬಸುರಿನ ವಿಷಯವಾಗಲಿ ಹೊರಗೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಮೊದಲ ಬಸುರಿನ ಸುದ್ದಿಯನ್ನು ಬೀದಿಗೆಲ್ಲ ಹೇಳಿದ್ದರು, ಹೋಯಿತು. ಎರಡನೆಯದನ್ನು ಪಕ್ಕದ ಮನೆಯ ವಿಶಾಲಾಕ್ಷಮ್ಮನಿಗೊಬ್ಬಳಿಗೇ ಹೇಳಿದ್ದರು, ಅದೂ ಹೋಯಿತು. ಒಬ್ಬಳಿಗೆ ಎಂದರೂ ಬೀದಿಗೆ ಎಂದರೂ ಒಂದೇ ಅನ್ನಿ. ಈ ಸಲ ದಾಕ್ಷಾಯಣಿಯ ತಾಯಿ ಗುರುಶಾಂತಮ್ಮ ಅಜ್ಜಂಪುರದಿಂದ ಬಂದವರೇ ಮಗಳನ್ನೂ ಅಳಿಯನನ್ನೂ ಮಠಕ್ಕೆ ಕರೆದುಕೊಂಡು ಹೋಗಿ ಗದ್ದುಗೆ ಮುಂದೆ ಆಣೆ ಹಾಕಿಸಿ ಊರಿಗೆ ಮರಳಿದ್ದರು. ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬಾರದು. ಇನ್ನು ಒಂಬತ್ತೇ ದಿನ ಬಾಕಿ ಇತ್ತು.

ಆದರೆ ವಿಶಾಲಾಕ್ಷಮ್ಮನ ಮನೆಗೂ ಇವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ತನ್ನ ಮನೆಯಿಂದಲೇ “ಒಲೆ ಆರಿಸೇ” ಎಂದು ಕೂಗುವಂಥ ಕಿವಿ ಆಕೆಯದು. ಒಂದು ತಿಂಗಳಿಂದ ಆ ‘ಟಿಕ್’ ಏನು ಎಂದು ಕೇಳುತ್ತಲೇ ಇದ್ದಳು. ಬೆನಕಪ್ಪ ಒಮ್ಮೆ ಹಲ್ಲಿ ಅಂದ, ಒಮ್ಮೆ ಗಡಿಯಾರ ಅಂದ, ಮತ್ತೊಮ್ಮೆ ಗೆದ್ದಲು ಅಂದ. ಸುಳ್ಳು ಹೇಳುವುದಕ್ಕೂ ಜ್ಞಾಪಕಶಕ್ತಿ ಬೇಕಲ್ಲ, ಅದು ಅವನಿಗಿರಲಿಲ್ಲ.

ಹನ್ನೊಂದೂವರೆಗೆ ವಿಶಾಲಾಕ್ಷಮ್ಮ ಏದುಸಿರು ಬಿಡುತ್ತ ಪಾರ್ಸೆಲ್ ಆಫೀಸಿಗೇ ಬಂದುಬಿಟ್ಟಳು.

“ಬೆನಕಪ್ಪಾ, ನಿಮ್ಮನೆ ಹಲ್ಲಿಗೆ ಏನೋ ಬಂದೈತೆ ಕಣಪ್ಪಾ. ಒಂಬತ್ತು ಗಂಟೆಯಿಂದ ಒಂದೇ ಸಮ ಬಡೀತಾ ಐತೆ. ಕಟ್ ಕಟ, ಕಟ ಕಟ ಕಟ್... ಉಸಿರು ತಗೊಳ್ಳೋಕೂ ಬಿಡುವಿಲ್ಲ.”

“ಒಂದೇ ಸಮವಾ?”

“ಹೂಂ ಕಣಪ್ಪಾ. ನಿನ್ನ ಹೆಂಡ್ತಿ ಬಾಗಿಲು ಹಾಕ್ಕೊಂಡವಳೆ. ಕೂಗಿದ್ರೆ ‘ಏನಿಲ್ಲ ಅಕ್ಕ’ ಅಂತಾಳೆ.”

ಬೆನಕಪ್ಪ ಕೂತಲ್ಲಿಂದ ಎದ್ದ. ಐದು ನಿಮಿಷಕ್ಕೊಮ್ಮೆ ಬಡಿಯಬೇಕಾದ ಯಂತ್ರ ಎಡೆಬಿಡದೆ ಬಡಿಯುತ್ತಿದೆ ಎಂದರೆ ಅದಕ್ಕೆ ಹುಚ್ಚು ಹಿಡಿದಿದೆ. ಎರಡು ದಿನದ ಔಷಧಿಯನ್ನು ಒಂದೇ ಸಲಕ್ಕೆ ಅವಳೊಳಗೆ ಸುರಿದಿರಬೇಕು. ಹಾಗಾದರೆ ಸಕ್ಕರೆ ಇಳಿದು ಬೆವರುತ್ತಾಳೆ, ಮಂಪರು ಬರುತ್ತದೆ, ಆಮೇಲೆ ತಾಯಿಯೂ ಇಲ್ಲ, ಕೂಸೂ ಇಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಹಾಗಾಗುವ ಸೂಚನೆ ಕಂಡರೆ ಕೂಡಲೇ ಸಿಹಿ ತಿನ್ನಿಸಬೇಕು ಎಂದೂ ಹೇಳಿದ್ದರು. ಅವನು ರಸೀತಿ ಪುಸ್ತಕವನ್ನು ತೆರೆದಂತೆಯೇ ಬಿಟ್ಟು ಓಡಿದ. ದಾರಿಯ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲ ಎತ್ತಿ ಜೇಬಿಗೆ ಹಾಕಿಕೊಂಡ, ಅಂಗಡಿಯವನು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಅಷ್ಟು ಹೊತ್ತಿಗೆ ಜನ ಬಾಗಿಲು ತೆಗೆಸಿದ್ದರು. ಮನೆ ತುಂಬ ಜನ, ಆದರೆ ಒಬ್ಬರ ಬಾಯಲ್ಲೂ ಮಾತಿಲ್ಲ. ನಡುಮನೆಯ ಗೋಡೆಗೆ ಒರಗಿ ದಾಕ್ಷಾಯಣಿ ಕೂತಿದ್ದಳು. ಹಣೆಯ ಮೇಲೆ ಬೆವರು. ಆ ಮೌನದಲ್ಲಿ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಕಟ್ ಕಟ. ಕಟ ಕಟ ಕಟ್. ಹೊರಗೆ ಗೂಡ್ಸು ಗಾಡಿಯೊಂದು ಹಾದುಹೋಯಿತು. ಗಾಡಿಯ ಗದ್ದಲ ಮುಗಿಯುವ ತನಕ ಸದ್ದು ಕಾದು ನಿಂತಿದ್ದು, ಬಿಟ್ಟಲ್ಲಿಂದಲೇ ಮತ್ತೆ ಶುರುವಾಯಿತು.

ಗೋಡೆಗೆ ಕಿವಿಯಿಟ್ಟು ನಿಂತಿದ್ದವರು ಷಣ್ಮುಖಪ್ಪನವರು. ಮೂವತ್ತೆರಡು ವರ್ಷ ರೈಲ್ವೆಯಲ್ಲಿ ತಂತಿ ಹೊಡೆದು ನಿವೃತ್ತರಾದವರು. ಅವರ ಎಡಗೈ ಬೆರಳು ತೊಡೆಯ ಮೇಲೆ ತಾನಾಗಿಯೇ ಕುಣಿಯುತ್ತಿತ್ತು, ಬಲಗೈ ಹಳೇ ಕ್ಯಾಲೆಂಡರಿನ ಹಾಳೆಯ ಮೇಲೆ ಬರೆಯುತ್ತಿತ್ತು.

“ಬೆನಕಪ್ಪಾ,” ಎಂದರು ಅವರು ಪಿಸುದನಿಯಲ್ಲಿ, “ಇದು ಲಕ್ಕಣ್ಣನ ಕೈ ಕಣಯ್ಯ.”

ಲಕ್ಕಣ್ಣ ನಾಲ್ಕು ವರ್ಷದ ಹಿಂದೆ ಇದೇ ಮನೆಯಲ್ಲಿ ತೀರಿಕೊಂಡ ತಂತಿ ಮಾಸ್ತರ. ಜೀವಮಾನದಲ್ಲಿ ಒಂದು ತಂತಿಯನ್ನೂ ತಪ್ಪು ಕಳಿಸಿದವನಲ್ಲ. ಪ್ರಾಣ ಹೋದ ಮೇಲೂ ಗಳಿಗೆ ಹೊತ್ತು ಬೆರಳು ಆಡುತ್ತಿತ್ತಂತೆ. ಬೇರೆ ಯಾರೂ ಕೇಳದ ಈ ಮನೆ ಬೆನಕಪ್ಪನಿಗೆ ಅರ್ಧ ಬಾಡಿಗೆಗೆ ಸಿಕ್ಕಿದ್ದು ಅದಕ್ಕೇ.

“ನಿಮಗೆ ಹೆಂಗೆ ಗೊತ್ತು ಯಜಮಾನ್ರೆ?”

“ತಂತಿ ಹೊಡೆಯೋದ್ರಲ್ಲೂ ಒಬ್ಬೊಬ್ಬರ ಕೈ ಒಂದೊಂದು ತರ, ದಸ್ಕತ್ತು ಇದ್ದಂಗೆ. ಲಕ್ಕಣ್ಣ ಕೊನೇ ಅಕ್ಷರ ಒಂಚೂರು ಎಳೀತಿದ್ದ. ಇದೂ ಎಳೀತಾ ಐತೆ. ಬೆಳಿಗ್ಗೆಯಿಂದ ಒಂದೇ ಸುದ್ದಿ ಹೊಡೀತಾ ಅವ್ನೆ, ಓದ್ಕೋ.”

ಹಾಳೆಯ ಮೇಲೆ ಬರೆದಿತ್ತು: ‘ತಪ್ಪು ಪಾರ್ಸೆಲ್ ಹೋಗಿದೆ. ತಕ್ಷಣ ವಾಪಸ್ ತನ್ನಿ.’

“ನನ್ನ ಕೆಲಸದ ಮೇಲೆ ಸತ್ತೋರೂ ಕಂಪ್ಲೇಂಟ್ ಕೊಡೋಕೆ ಶುರು ಮಾಡಿದ್ರಾ?” ಎಂದ ಬೆನಕಪ್ಪ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವನಿಗೊಬ್ಬನಿಗೇ ಗೊತ್ತು, ಬಾಯಿ ಬಿಡುವ ಹಾಗಿಲ್ಲ. ಹೆಂಡತಿಯ ಮುಖ ನೋಡಿದ. ಅವಳು ಸೊಂಟ ಮುಟ್ಟಿಕೊಂಡು ಕೈಯಾಡಿಸಿ ‘ಇಲ್ಲ’ ಎಂದಳು. ‘ಹೇಳಬೇಡಿ’ ಅನ್ನುತ್ತಿದ್ದಾಳೆ ಎಂದುಕೊಂಡ ಈ ಮಹಾರಾಯ. ಅವಳು ಅವನ ಜೇಬಿನ ಕಡೆ ಕಣ್ಣು ತೋರಿಸಿದಳು. ಬೆಲ್ಲ ಕೇಳುತ್ತಿದ್ದಾಳೆ ಎಂದುಕೊಂಡ.

“ತಿನ್ನೇ, ಬೇಗ ತಿನ್ನು!” ಎಂದು ಬೆಲ್ಲದ ಅಚ್ಚನ್ನೇ ಬಾಯಿಗೆ ಹಿಡಿದ. ದಾಕ್ಷಾಯಣಿ ತುಟಿ ಬಿಗಿದು ಮುಖ ತಿರುಗಿಸಿದಳು. ಅವನು ಆ ಕಡೆಗೆ ಹಿಡಿದ, ಅವಳು ಈ ಕಡೆಗೆ ತಿರುಗಿದಳು.

ಬೇವಿನ ಸೊಪ್ಪು ಹಿಡಿದು ನಿಂತಿದ್ದ ಜವರಮ್ಮ ಗಾಳಿ ಬಿಡಿಸುವುದರಲ್ಲಿ ಸುತ್ತಮುತ್ತ ಹೆಸರಾದವಳು. ಅವಳು ತಲೆಯಾಡಿಸಿದಳು. “ನೋಡಿದ್ರಾ? ದೇವರಿಗೆ ಬಿಟ್ಟ ಹೋರಿ ಕೂಡ ಬೆಲ್ಲ ಬ್ಯಾಡ ಅನ್ನಾಕಿಲ್ಲ. ಬ್ಯಾಡ ಅಂತಿರೋದು ಒಳಗಿರೋನು. ಹಿಡ್ಕೊಳ್ರವ್ವ ಅವಳ ಕೈಯ. ಒಂದು ಚೆಂಬು ಬೆಲ್ಲದ ನೀರು ಹುಯ್ದು ನಾಕು ಏಟು ಹಾಕಿದ್ರೆ ಹೋಯ್ತಾನೆ.”

ಇಬ್ಬರು ಹೆಂಗಸರು ದಾಕ್ಷಾಯಣಿಯ ಕೈ ಹಿಡಿದರು. ವಿಶಾಲಾಕ್ಷಮ್ಮ ಚೆಂಬು ತಂದಳು. ಜವರಮ್ಮ ಸೊಪ್ಪು ಎತ್ತಿದಳು. ಗೋಡೆಯ ಸದ್ದು ಒಮ್ಮೆಲೇ ಜೋರಾಯಿತು, ಯಾರೋ ಒಳಗಿನಿಂದ ಬಾಗಿಲು ಬಡಿದಂತೆ. ಹೆಂಡತಿಯ ಹೊಟ್ಟೆಯ ನೇರಕ್ಕೆ ಬರುತ್ತಿದ್ದ ಆ ಸೊಪ್ಪನ್ನು ಕಂಡು ಬೆನಕಪ್ಪ ಅಡ್ಡ ನುಗ್ಗಿದ. ಆಣೆ, ಗದ್ದುಗೆ, ಒಂಬತ್ತು ದಿನ, ಎಲ್ಲ ಮರೆತುಹೋಯಿತು.

“ಮುಟ್ಟಬೇಡ್ರೀ ಅವಳನ್ನ!” ಎಂದು ಕಿರುಚಿದ. “ದೆವ್ವಾನೂ ಇಲ್ಲ, ಮಣ್ಣೂ ಇಲ್ಲ. ಹೊಟ್ಟೇಲಿ ಕೂಸೈತೆ! ಸಕ್ಕರೆ ಕಾಯಿಲೆಗೆ ಸೊಂಟದಲ್ಲಿ ಮಿಷನ್ ಕಟ್ಟೀವಿ, ಅದು ಹಾಳಾಗಿ ಬಡ್ಕೋತಾ ಐತೆ. ದಮ್ಮಯ್ಯ, ಬಿಟ್ಬಿಡ್ರೀ!”

ಹೆಂಗಸರು ಕೈ ಬಿಟ್ಟರು. ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವಳು ವಿಶಾಲಾಕ್ಷಮ್ಮ.

“ಎಷ್ಟು ತಿಂಗಳು?” ಎಂದಳು.

ದಾಕ್ಷಾಯಣಿ ಕಣ್ಣೊರೆಸಿಕೊಂಡಳು. “ಎಲ್ಲಾ ಹೇಳಿ ಆಯ್ತಲ್ಲ, ಇನ್ನು ನಾನು ಬಾಯಿ ಮುಚ್ಕೊಂಡು ಏನು ಪ್ರಯೋಜನ? ರೀ, ಜೇಬಲ್ಲಿರೋದನ್ನ ತೆಗೀರಿ.”

ಬೆನಕಪ್ಪ ಜೇಬಿಗೆ ಕೈ ಹಾಕಿ ಬ್ಯಾಟರಿ ತೆಗೆದ. ಅದಕ್ಕೆ ಕೆಂಪು ದಾರ ಸುತ್ತಿತ್ತು.

“ಚಾರ್ಜ್ ತುಂಬಿದ್ದಕ್ಕೆ ನಾನೇ ದಾರ ಕಟ್ಟಿದ್ದು. ನೀವು ಖಾಲಿದನ್ನ ಡಬ್ಬಿಗೆ ಹಾಕಿ, ತುಂಬಿರೋದನ್ನ ತಗೊಂಡ್ಹೋದ್ರಿ. ನೀವು ಅತ್ತ ಹೋದ ಮೇಲೆ ಡಬ್ಬಿ ನಾಕು ಸಲ ಬಡಿದು ನಿಂತೋಯ್ತು. ಯಾರ ಹತ್ರ ಏನಂತ ಹೇಳಿ ಕಳಿಸ್ಲಿ? ಹಳೇ ಸಿರಿಂಜು ಕುದಿಸಿ ನಾನೇ ಚುಚ್ಕೊಂಡೆ. ಈಗ ಚೆನ್ನಾಗಿದೀನಿ. ಅದರ ಮೇಲೆ ನೀವು ಆ ಬೆಲ್ಲ ಬೇರೆ ತಿನ್ನಿಸಿದ್ರೆ ಸಕ್ಕರೆ ಎಲ್ಲಿಗೆ ಏರ್ತಿತ್ತೋ!”

“ಡಬ್ಬಿ ಎಲ್ಲಿ ಹಂಗಾದ್ರೆ?”

“ಟ್ರಂಕಲ್ಲಿ. ಬೆಳಿಗ್ಗೆಯಿಂದ ಉಸಿರೆತ್ತಿಲ್ಲ.”

ಕಟ್ ಕಟ, ಎಂದಿತು ಗೋಡೆ.

ಮನೆ ಹೇಗೆ ಖಾಲಿಯಾಯಿತೋ ಬೆನಕಪ್ಪನಿಗೆ ಗೊತ್ತಾಗಲಿಲ್ಲ. ಜವರಮ್ಮನ ಸೊಪ್ಪು ಹೊಸಿಲ ಮೇಲೆ ಬಿದ್ದಿತ್ತು, ಒಂದೇ ಕಾಲಿನ ಎರಡು ಚಪ್ಪಲಿ ಅಂಗಳದಲ್ಲಿ ಉಳಿದಿದ್ದವು. ಷಣ್ಮುಖಪ್ಪನವರು ಮಾತ್ರ ಹೋಗಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನು ಒಮ್ಮೆ ನೋಡಿದರು, ಕೆಂಪು ದಾರವನ್ನು ಒಮ್ಮೆ ನೋಡಿದರು.

ಬೆನಕಪ್ಪ ಟ್ರಂಕು ತೆರೆದು ಡಬ್ಬಿಗೆ ಬ್ಯಾಟರಿ ಹಾಕಿದ. ಡಬ್ಬಿ ‘ಟಿಕ್’ ಎಂದಿತು. ಆ ಕ್ಷಣವೇ ಗೋಡೆ ಸುಮ್ಮನಾಯಿತು.

ಅವನು ಹೆಂಡತಿಯ ಪಕ್ಕದಲ್ಲಿ ಕುಸಿದು ಕೂತ. “ಆಣೆ ಮುರಿದ್ಬಿಟ್ಟೆ ಕಣೇ. ಒಂದು ಗುಟ್ಟು ಕಾಯೋಕೆ ಆಗಲಿಲ್ಲ ನನ್ನ ಕೈಲಿ. ಏನಾದ್ರೂ ಆದ್ರೆ ನಾನು ಬದುಕಲ್ಲ,” ಎಂದು ಅತ್ತೇಬಿಟ್ಟ. ದಾಕ್ಷಾಯಣಿಯೇ ಅವನ ಬೆನ್ನು ಸವರಬೇಕಾಯಿತು.

ಆಗ ಗೋಡೆ ಮತ್ತೆ ಮಾತಾಡಿತು. ಈ ಸಲ ಮೆಲ್ಲಗೆ, ನಿಧಾನಕ್ಕೆ, ಪಕ್ಕದಲ್ಲಿ ಕೂತು ಸಮಾಧಾನ ಹೇಳಿದ ಹಾಗೆ. ಷಣ್ಮುಖಪ್ಪನವರು ಪೆನ್ಸಿಲ್ ಎತ್ತಿಕೊಂಡರು. ಕೊನೆಯ ಅಕ್ಷರ ಒಂಚೂರು ಎಳೆಯಿತು. ಅವರು ಹಾಳೆಯನ್ನು ಬೆನಕಪ್ಪನ ಕೈಗೆ ಕೊಟ್ಟರು.

‘ಮಾಲು ಸುರಕ್ಷಿತ. ಒಟ್ಟು ಎರಡು.’

ಬೆನಕಪ್ಪ ಅದನ್ನು ಎರಡು ಸಲ ಓದಿದ. ದಾಕ್ಷಾಯಣಿ ಓದಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

“ಯಜಮಾನ್ರೆ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದ ಬೆನಕಪ್ಪ ಉಸಿರಿಗಿಂತ ಮೆಲ್ಲಗೆ. “ಇದೊಂದಾದ್ರೂ ಗುಟ್ಟಾಗಿರಲಿ. ಎರಡು ಅಂತ ಯಾರಿಗೂ ಹೇಳಬೇಡಿ.”

“ಛೇ ಛೇ, ಲಕ್ಕಣ್ಣನ ಆಣೆ, ನಾನ್ಯಾಕೆ ಹೇಳಲಯ್ಯ?” ಎಂದರು ಷಣ್ಮುಖಪ್ಪನವರು ಅಷ್ಟೇ ಮೆಲ್ಲಗೆ.

ಗೋಡೆಯ ಆಚೆಯಿಂದ ವಿಶಾಲಾಕ್ಷಮ್ಮನ ದನಿ ಕೇಳಿತು.

“ಅಯ್ಯೋ ಶಿವನೇ, ಅವಳಿಜವಳಿಯಾ?”